ಗಂಟೆಯ ಟಾರ್ಗೆಟ್, ಓಕೆಆರ್, ಸೋಮವಾರದ ಹಾಳೆ: ನಮ್ಮ ಲೈನ್‌ಗೆ ಯಾವುದು ಹೊಂದಿತು?

ದಾವಣಗೆರೆಯಲ್ಲಿ ಶರ್ಟ್ ಹೊಲಿಯುವ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಫ್ಲೋರ್ ಇನ್‌ಚಾರ್ಜ್. ಕೆಲಸದ ಗುರಿಯನ್ನು ಮೇಲಿನವರೇ ಹಾಕಬೇಕಾ, ಹೊಲಿಯುವವರನ್ನೂ ಕೂರಿಸಿಕೊಂಡು ಹಾಕಬೇಕಾ? ಮೂರು ರೀತಿಯಲ್ಲಿ ಮಾಡಿ ನೋಡಿದ್ದೇವೆ.

ಮೊದಲನೆಯದು ಎಲ್ಲ ಕಡೆ ಇರೋದೇ. ಸಾಲಾಗಿ ಕೂತು ಹೊಲಿಯುವ ಲೈನ್‌ನ ತುದಿಯಲ್ಲಿ ಒಂದು ಬೋರ್ಡ್, ಗಂಟೆಗೆ ಇಷ್ಟು ಪೀಸ್ ಅಂತ. ಒಂದು ಶರ್ಟ್‌ಗೆ ಎಷ್ಟು ನಿಮಿಷ ಬೇಕು ಅಂತ ಮೊದಲೇ ಲೆಕ್ಕ ಹಾಕಿರುತ್ತಾರೆ, ಟಾರ್ಗೆಟ್ ಅಲ್ಲಿಂದ ಬರುತ್ತೆ. ಇದರಲ್ಲಿ ಗೊಂದಲ ಇಲ್ಲ. ಶಿಪ್‌ಮೆಂಟ್ ಹತ್ತಿರ ಬಂದಾಗ ಬೇರೆ ದಾರಿಯೂ ಇಲ್ಲ. ಆದರೆ ಬೋರ್ಡ್ ಎಣಿಸೋದು ಪೀಸ್ ಮಾತ್ರ. ಸಂಜೆಗೆ ನಂಬರ್ ಮುಟ್ಟುತ್ತೆ, ಮರುದಿನ ಚೆಕಿಂಗ್ ಟೇಬಲ್‌ನಿಂದ ಆಲ್ಟರೇಷನ್, ಅಂದ್ರೆ ತಪ್ಪು ಸರಿಮಾಡಬೇಕಾದ ಪೀಸ್‌ಗಳ ರಾಶಿ, ವಾಪಸ್ ಬರುತ್ತೆ. ಕಾಲರ್ ಕೂರಿಸುವ ಅಕ್ಕ ಒಬ್ಬರು ಒಮ್ಮೆ ನೇರವಾಗಿ ಕೇಳಿದರು: “ಸಾರ್, ಕಟಿಂಗ್‌ನಿಂದ ಬಂಡಲ್ ಹನ್ನೊಂದಕ್ಕೆ ಬಂದ್ರೆ ಹತ್ತು ಗಂಟೆ ಟಾರ್ಗೆಟ್ ಯಾರ್ದು? ನಂದಾ, ಅವ್ರದಾ?” ಬಂಡಲ್ ಅಂದ್ರೆ ಹೊಲಿಯಲು ಕತ್ತರಿಸಿ ಕಳಿಸುವ ಬಟ್ಟೆಯ ಕಟ್ಟು. ಬೋರ್ಡ್ ಮೇಲೆ ಈ ಪ್ರಶ್ನೆಗೆ ಜಾಗವೇ ಇಲ್ಲ.

ಎರಡನೆಯದು ಓಕೆಆರ್, ಅಂದ್ರೆ ‘ಆಬ್ಜೆಕ್ಟಿವ್ಸ್ ಅಂಡ್ ಕೀ ರಿಸಲ್ಟ್ಸ್’. ಕಂಪ್ಯೂಟರ್ ಚಿಪ್ ಮಾಡುವ ಇಂಟೆಲ್ ಕಂಪನಿಯಲ್ಲಿ ಆಂಡಿ ಗ್ರೋವ್ ಬೆಳೆಸಿದ ಪದ್ಧತಿ. ಅಲ್ಲಿ ಅದನ್ನು ಕಲಿತ ಜಾನ್ ಡೋರ್ 1999ರಲ್ಲಿ ಗೂಗಲ್‌ಗೆ ಹೇಳಿಕೊಟ್ಟರು. ಒಂದು ದೊಡ್ಡ ಗುರಿ, ಅದರ ಕೆಳಗೆ ಅಳೆಯಲು ಬರುವ ಕೆಲವು ಫಲಿತಾಂಶ, ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ಮಾದರಿ ಶರ್ಟ್ ಹೊಲಿಯುವ ನಮ್ಮ ಸ್ಯಾಂಪ್ಲಿಂಗ್ ವಿಭಾಗಕ್ಕೆ ಇದು ಚೆನ್ನಾಗಿ ಕೂತಿತು. ಲೈನ್‌ನಲ್ಲಿ ಹಿಡಿಯಲಿಲ್ಲ. ಮೂರು ತಿಂಗಳಲ್ಲಿ ಎಷ್ಟು ಸ್ಟೈಲ್ ಬಂದು ಹೋಗುತ್ತೆ! ಪ್ಲೇನ್ ಬಟ್ಟೆ ನೋಡಿ ಬರೆದ ಗುರಿ ಚೆಕ್ಸ್ ಬಂದ ದಿನವೇ ಕೆಲಸಕ್ಕೆ ಬರಲ್ಲ.

ಮೂರನೆಯದನ್ನು ನಾವು ಸುಮ್ನೆ ‘ಸೋಮವಾರದ ಹಾಳೆ’ ಅಂತೀವಿ. ಬೆಳಿಗ್ಗೆ ಮಿಷನ್ ಆನ್ ಮಾಡುವ ಮೊದಲು ಲೈನ್‌ನವರೆಲ್ಲ ಸೇರುತ್ತೇವೆ. ಆ ಹೊತ್ತೂ ಡ್ಯೂಟಿ ಲೆಕ್ಕದಲ್ಲೇ. ಹಾಳೆಯ ಎಡಕ್ಕೆ ‘ನಾವು ಮಾಡೋದು’, ಬಲಕ್ಕೆ ‘ಇನ್‌ಚಾರ್ಜ್ ಮಾಡಿಕೊಡೋದು’. ಚೆಕ್ಸ್ ಶರ್ಟ್ ಬಂದ ವಾರ ಎಡಕ್ಕೆ ಬರೆದದ್ದು: ಜೇಬಿನ ಗೆರೆ ಮುಂಭಾಗದ ಗೆರೆಗೆ ಕೂಡಬೇಕು, ಆಲ್ಟರೇಷನ್ ಹಿಂದಿನ ವಾರದ ಅರ್ಧಕ್ಕೆ ಇಳಿಯಬೇಕು. ಬಲಕ್ಕೆ: ಒಂಬತ್ತಕ್ಕೆ ಬಂಡಲ್, ಮಿಷನ್ ಕೆಟ್ಟರೆ ಕೂಡಲೇ ಮೆಕ್ಯಾನಿಕ್, ಮೊದಲೆರಡು ದಿನ ಗಂಟೆಯ ನಂಬರ್ ಕಡಿಮೆ. ಮಂಗಳವಾರ ಬಂಡಲ್ ತಡವಾಯಿತು. ಕಾಲರ್ ಅಕ್ಕ ಎದ್ದು ಬಂದು ಬಲಗಡೆ ಕೆಂಪು ಪೆನ್ನಲ್ಲಿ ಕತ್ತರಿ ಗುರುತು ಹಾಕಿದರು. ಆ ಹಾಳೆ ಹಿಡಿದುಕೊಂಡೇ ನಾನು ಕಟಿಂಗ್‌ಗೆ ಹೋದೆ. ಇಷ್ಟು ಗಟ್ಟಿ ಸಾಕ್ಷಿ ನನ್ನ ಕೈಗೆ ಮೊದಲು ಸಿಕ್ಕಿರಲಿಲ್ಲ. ನನಗೆ ಇದು ಹಿಡಿಸಿದ್ದು ಆ ಬಲಗಡೆ ಸಾಲಿಗಾಗಿಯೇ.

ಹಾಗಂತ ಸುತ್ತ ಕೂತು ಮಾತಾಡಿದ ಮಾತ್ರಕ್ಕೆ ಗುರಿ ಗಟ್ಟಿಯಾಗಲ್ಲ. ಗುರಿಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಎಡ್ವಿನ್ ಲಾಕ್, ಗ್ಯಾರಿ ಲೇಥಮ್ ಕಂಡುಕೊಂಡದ್ದು ಬೇರೆ. ಮೇಲಿನಿಂದ ಕೊಟ್ಟ ಗುರಿಯಾದರೂ ಕಾರಣ ಬಿಡಿಸಿ ಹೇಳಿದರೆ ಜನ ಅದನ್ನು ತಾವೂ ಕೂತು ಹಾಕಿದ ಗುರಿಯಷ್ಟೇ ಹೆಚ್ಚುಕಮ್ಮಿ ಮನಸ್ಸಿಟ್ಟು ಮಾಡುತ್ತಾರೆ. ನಮ್ಮಲ್ಲೂ ಹಾಗೇ. ಬಯರ್ ಕೊಟ್ಟ ತಾರೀಖು ಯಾಕೆ ಬದಲಾಯಿತು, ಹೋದ ಸಲ ಯಾವ ತಪ್ಪಿಗೆ ಮಾಲು ವಾಪಸ್ ಬಂತು ಅಂತ ಹೇಳಿದ ವಾರ ಹಾಳೆಗೆ ಬೆಲೆ ಇರುತ್ತೆ. ಇನ್ನೊಂದು ತೊಂದರೆ, ಜೋರಾಗಿ ಮಾತಾಡುವವರ ಗುರಿಯೇ ಎಲ್ಲರ ಗುರಿ ಆಗಿಬಿಡುತ್ತೆ. ಹೊಸದಾಗಿ ಸೇರಿದ ಹೆಲ್ಪರ್ ಹುಡುಗಿಯರು ಬಾಯೇ ಬಿಡಲ್ಲ. ಅದಕ್ಕೆ ಈಗ ಅವರನ್ನೇ ಮೊದಲು ಕೇಳುತ್ತೇನೆ.

ಲೈನ್ ನಡೆಸುವವರು ಕೇಳಿದರೆ ಸೋಮವಾರದ ಹಾಳೆ ಅಂತೀನಿ. ಬೋರ್ಡನ್ನು ಪೂರ್ತಿ ತೆಗೆಯಬೇಡಿ, ಶಿಪ್‌ಮೆಂಟ್ ವಾರಕ್ಕೆ ಬೇಕೇ ಬೇಕು. ಆದರೆ ಹಾಳೆಯನ್ನು ಇನ್‌ಕ್ರಿಮೆಂಟ್‌ಗೆ ಗಂಟು ಹಾಕಲೇಬೇಡಿ. ನಮ್ಮಲ್ಲಿ ಆ ಮಾತು ಬಂದ ವಾರವೇ ಎಲ್ಲರೂ ಸುಲಭವಾಗಿ ಮುಟ್ಟುವ ನಂಬರ್ ಬರೆಸಿದರು. ಸಂಬಳದ ವಿಷಯ ಅಲ್ವಾ, ಯಾರು ತಾನೇ ಬರೆಸಲ್ಲ? ಆ ಮಾತು ಕೈಬಿಟ್ಟ ಮೇಲೆಯೇ ಕಷ್ಟದ ಗುರಿಗಳು ಹಾಳೆಗೆ ವಾಪಸ್ ಬಂದದ್ದು.