ಬಿಳಿ ತಾರಸಿಯ ಮೇಲೆ ನೀಲಿ ಶೀಟು: ಆಗುಂಬೆ ದಾರಿಯ ‘ಗ್ರೀಕ್’ ಹೋಮ್‌ಸ್ಟೇ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ಮೇಗರವಳ್ಳಿ ದಾಟಿ ಒಳಕ್ಕೆ ತಿರುಗಿದರೆ ಸಿಗುವ ಈ ಹೋಮ್‌ಸ್ಟೇಯನ್ನು ಅದರ ಮಾಲೀಕರು ‘ಗ್ರೀಕ್ ದ್ವೀಪದ ಶೈಲಿಯ ವಸತಿ’ ಎಂದು ಜಾಹೀರಾತು ಮಾಡುತ್ತಾರೆ. ಊಟಕ್ಕೆ, ಉಪಚಾರಕ್ಕೆ, ಸುತ್ತಲಿನ ತೋಟ–ಕಾಡಿಗೆ ಪೂರ್ಣ ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ. ಹೆಸರಿಗೆ ಕಾರಣವಾದ ಹೊಸ ಕಟ್ಟಡಕ್ಕೆ ಮಾತ್ರ ಕೊಡಲಾರೆ. ಇದೇ ಬಗೆಯ ಬಿಳಿ ಪೆಟ್ಟಿಗೆಗಳು ಈಗ ಮಲೆನಾಡಿನ ಬೇರೆ ಗುಡ್ಡಗಳ ಮೇಲೂ ಏಳುತ್ತಿರುವುದರಿಂದ ನನ್ನ ತಕರಾರು ಒಂದು ಮನೆಯ ಮೇಲಿನದಲ್ಲ, ಹಾಗಾಗಿ ಹೋಮ್‌ಸ್ಟೇಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಹೊಸ ಕಟ್ಟಡ ಎರಡು ಅಂತಸ್ತಿನದು. ಚಪ್ಪಟೆ ತಾರಸಿ, ಮೂಲೆಗಳನ್ನು ದುಂಡಗೆ ತಿದ್ದಿದ ಬಿಳಿ ಗೋಡೆ, ನೀಲಿ ಬಾಗಿಲು, ಮುಂದೆ ಅಂಚೇ ಇಲ್ಲದಂತೆ ತೋರುವ ಈಜುಕೊಳ. ನಾವು ಹೋದದ್ದು ಆಷಾಢದ ಜಡಿಮಳೆಯಲ್ಲಿ. ಗೋಡೆಯ ಬುಡದಿಂದ ಮೊಣಕಾಲೆತ್ತರಕ್ಕೆ ಪಾಚಿ ಹಬ್ಬಿತ್ತು, ತಾರಸಿಯ ಕಟ್ಟೆಯಿಂದ ಕಪ್ಪು ಗೆರೆಗಳು ಇಳಿದಿದ್ದವು, ಎಮಲ್ಶನ್ ಬಣ್ಣ ಅಲ್ಲಲ್ಲಿ ಗುಳ್ಳೆ ಎದ್ದು ಬೆರಳಿನಿಂದ ಒತ್ತಿದರೆ ಒಳಗಿನ ನೀರು ಜಿನುಗುತ್ತಿತ್ತು. ಕಿಟಕಿಗಳಿಗೆ ಸಜ್ಜಾ ಇಲ್ಲದ್ದರಿಂದ ಎರಚಲು ನೇರವಾಗಿ ಗಾಜಿಗೆ ಬಡಿಯುತ್ತದೆ. ನಮ್ಮ ಕೋಣೆಯ ಕಿಟಕಿಯ ಕೆಳದಂಡೆಯ ಉದ್ದಕ್ಕೂ ಹಳೆಯ ಟವೆಲ್ ಮಡಚಿ ಇಟ್ಟಿದ್ದರು, ಕೆಲಸದ ಹುಡುಗ ಹೊತ್ತುಹೊತ್ತಿಗೆ ಬಂದು ಅದನ್ನು ಹಿಂಡಿ ಮತ್ತೆ ಇಡುತ್ತಿದ್ದ. ಮೊದಲ ಮಳೆಗಾಲದಲ್ಲೇ ತಾರಸಿ ಸೋರಿದ್ದರಿಂದ ಅದರ ಮೇಲೆ ಕಬ್ಬಿಣದ ಟ್ರಸ್ ನಿಲ್ಲಿಸಿ ನೀಲಿ ಶೀಟು ಹೊದಿಸಿದ್ದಾರೆ. ದ್ವೀಪದ ಇಗರ್ಜಿಗಳ ನೀಲಿ ಗುಮ್ಮಟ ಮಲೆನಾಡಿಗೆ ಬಂದದ್ದು ಕೊನೆಗೂ ಈ ರೂಪದಲ್ಲಿ. ಮನೆಯ ಯಜಮಾನರಾದ ಗೌಡರು ಇದನ್ನು ಮುಚ್ಚಿಡುವವರಲ್ಲ. “ಬೆಂಗಳೂರಲ್ಲಿರೋ ಮಗ ಪಟ ತೋರ್ಸಿ ಹಿಂಗೇ ಆಗ್ಬೇಕು ಅಂದ. ಪಟದಲ್ಲಿ ಮಳೆಗಾಲ ಇರದಿಲ್ಲ ಮಾರಾಯ್ರೆ” ಎಂದು ನಕ್ಕರು.

ಗೌಡರ ಮಾತು ವಿಷಯದ ಬುಡಕ್ಕೇ ತಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಆ ಬಿಳಿ ಮನೆಗಳ ತವರಾದ ಏಜಿಯನ್ ಸಮುದ್ರದ ಸೈಕ್ಲೆಡಿಸ್ ದ್ವೀಪಗಳಲ್ಲಿ ಬೀಳುವುದು ಸುಮಾರು 400 ಮಿ.ಮೀ., ಕೆಲವೆಡೆ ಅದಕ್ಕೂ ಕಡಿಮೆ. ಅಲ್ಲಿ ತಾರಸಿ ಚಪ್ಪಟೆಯಾಗಿರುವುದು ಸೊಗಸಿಗಲ್ಲ, ಅಪರೂಪಕ್ಕೆ ಬೀಳುವ ಮಳೆಯ ಹನಿಯನ್ನೂ ಬಿಡದೆ ಹಿಡಿದು ನೆಲದಡಿಯ ತೊಟ್ಟಿಗೆ ಇಳಿಸುವುದಕ್ಕೆ. ಗೋಡೆಗೆ ಬಳಿಯುವುದು ಸುಣ್ಣ. ಅದು ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ, ಗೋಡೆಯ ತೇವವನ್ನು ಹೊರಕ್ಕೆ ಆರಲು ಬಿಡುತ್ತದೆ, ಮತ್ತು ನಮ್ಮಲ್ಲಿ ಹಬ್ಬದ ಮುಂಚೆ ಮಾಡುವಂತೆ ಕಾಲಕಾಲಕ್ಕೆ ಹೊಸದಾಗಿ ಬಳಿಯುವ ರೂಢಿ ಅಲ್ಲಿಯೂ ಇದೆ. ಕಿಟಕಿಗಳು ಚಿಕ್ಕದಾಗಿರುವುದು ಬೇಸಿಗೆಯಲ್ಲಿ ಉತ್ತರದಿಂದ ದಿನಗಟ್ಟಲೆ ಬೀಸುವ ಮೆಲ್ತೆಮಿ ಗಾಳಿಗೆ ಅಂಜಿ. ಹೀಗೆ ಒಂದೊಂದು ಅಂಶವೂ ಆ ನೆಲದ ಒಂದೊಂದು ಕಷ್ಟಕ್ಕೆ ಕಂಡುಕೊಂಡ ಪರಿಹಾರ. ನೀರನ್ನು ಹಿಡಿಯುವ ಬದಲು ಆದಷ್ಟು ಬೇಗ ದೂರ ದಬ್ಬಬೇಕಾದ ನಮ್ಮೂರಿನಲ್ಲಿ ಅದೇ ಅಂಶಗಳು ತೊಂದರೆಯಾಗಿ ಕೂರುತ್ತವೆ.

ಇನ್ನೂ ವಿಚಿತ್ರವೆಂದರೆ, ಗ್ರೀಸ್‌ನ ಇಂದಿನ ಹೆಸರಾಂತ ವಾಸ್ತುಶಿಲ್ಪಿಗಳೇ ಈ ಬಿಳಿ ಪೆಟ್ಟಿಗೆಯಿಂದ ದೂರ ಸರಿದಿದ್ದಾರೆ. ತಮ್ಮ ಕೆಲಸದ ಬಗ್ಗೆ ಅವರಲ್ಲಿ ಹಲವರು ಮಾತನಾಡುವಾಗ ಇಳಿಜಾರು, ಗಾಳಿಯ ದಿಕ್ಕು, ಹಳೆಯ ಕೃಷಿಯ ಗುರುತುಗಳು ಮೊದಲು ಬರುತ್ತವೆ, ಮನೆಯ ಆಕಾರ ಕೊನೆಗೆ. ಆಂಟಿಪರೋಸ್ ದ್ವೀಪದಲ್ಲಿ ಡೆಕಾ ಆರ್ಕಿಟೆಕ್ಚರ್ ಸಂಸ್ಥೆ 2008ರಲ್ಲಿ ಮುಗಿಸಿದ ಅಲೋನಿ ಎಂಬ ಮನೆ ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ ಕೂತಿದೆ. ಉದ್ದನೆಯ ಎರಡು ಕಲ್ಲುಗೋಡೆಗಳು ಆಚೀಚೆಯ ಮಣ್ಣನ್ನು ತಡೆದು ಹಿಡಿದಿವೆ, ಹೊಲ ಮನೆಯ ಮಾಡಿನ ಮೇಲೆಯೇ ಹಾದುಹೋಗುತ್ತದೆ, ಬೆಳಕು ಗಾಳಿ ಒಳಗಿನ ಅಂಗಳಗಳಿಂದ ಬರುತ್ತವೆ. ಸೆರಿಫೋಸ್ ದ್ವೀಪದಲ್ಲಿ ಮಾಲ್ಡ್ ಆರ್ಕಿಟೆಕ್ಟ್ಸ್ ಕಟ್ಟಿದ ಎನ್‌ಕೇವ್ಡ್ ಎಂಬ ಮನೆ ಉತ್ತರದ ಗಾಳಿಯಿಂದ ತಪ್ಪಿಸಿಕೊಳ್ಳಲು ಬಂಡೆಯ ಇಳಿಜಾರಿನೊಳಗೇ ಹೊಕ್ಕಿದೆ. ಹೊರಗಿನಿಂದ ನೋಡಿದರೆ ಎರಡೂ ಕಡೆ ಮನೆ ಎನ್ನುವುದು ಹೆಚ್ಚೇನೂ ಕಾಣುವುದಿಲ್ಲ. ಆದರೆ ಇವರನ್ನು ತಲೆಯ ಮೇಲೆ ಹೊತ್ತುಕೊಳ್ಳುವ ಅಗತ್ಯವೂ ಇಲ್ಲ: ಇಂಥ ಮನೆಗಳಲ್ಲಿ ಹೆಚ್ಚಿನವು ಉಳ್ಳವರ ರಜೆಯ ಮನೆಗಳು, ಕುಡಿಯುವ ನೀರಿಗೇ ಬರವಿರುವ ದ್ವೀಪಗಳಲ್ಲಿ ಈಜುಕೊಳ ತೋಡುವ ಬಗ್ಗೆ ಅಲ್ಲಿಯೂ ಜಗಳವಿದೆ, ನೆಲದ ಮೇಲಿನ ಗೌರವದ ಮಾತು ಕೆಲವೊಮ್ಮೆ ಗಿರಾಕಿಯ ಮನಸ್ಸಿನ ಸಮಾಧಾನಕ್ಕೂ ಒದಗುತ್ತದೆ.

ಪ್ರವಾಸಿಗಳ ವಸತಿ ಕಟ್ಟುವವರು ನೋಡಬೇಕಾದದ್ದು ಇವರಿಗಿಂತ ಹಿಂದಿನ ಆರಿಸ್ ಕಾನ್‌ಸ್ಟಾಂಟಿನಿಡಿಸ್ ಅವರನ್ನು ಎಂಬುದು ನನ್ನ ಅಭಿಪ್ರಾಯ. 1957ರಿಂದ 1967ರವರೆಗೆ ಅಲ್ಲಿನ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆಯ ವಿನ್ಯಾಸ ವಿಭಾಗದ ಹೊಣೆ ಹೊತ್ತಿದ್ದ ಅವರು ಕ್ಸೇನಿಯಾ ಎಂಬ ಸರ್ಕಾರಿ ಹೋಟೆಲುಗಳ ಸರಣಿಗೆ ರೂಪ ಕೊಟ್ಟರು. ಕಾಂಕ್ರೀಟಿನ ಸರಳ ಚೌಕಟ್ಟು, ನಡುವೆ ಆಯಾ ಊರಿನ ಕಲ್ಲಿನ ಗೋಡೆ, ಮತ್ತು ಒಳಗೂ ಅಲ್ಲದ ಹೊರಗೂ ಅಲ್ಲದ, ನಮ್ಮ ಜಗಲಿಯನ್ನು ನೆನಪಿಸುವ ನೆರಳಿನ ಜಾಗ. ಅಲಂಕಾರವೆಂದು ಬೇರೆ ಏನೂ ಇಲ್ಲ. ಅವರ ನಂತರದ ಸುಝಾನಾ ಮತ್ತು ಡಿಮಿಟ್ರಿಸ್ ಆಂಟೊನಕಾಕಿಸ್ ದಂಪತಿಯ ಕೆಲಸವನ್ನು ಕುರಿತು ಬರೆಯುತ್ತಲೇ ವಾಸ್ತುಶಿಲ್ಪ ವಿಮರ್ಶಕರಾದ ಅಲೆಕ್ಸಾಂಡರ್ ತ್ಸೋನಿಸ್ ಮತ್ತು ಲಿಯಾನ್ ಲೆಫೆವ್ರ್ 1981ರಲ್ಲಿ ‘ವಿಮರ್ಶಾತ್ಮಕ ಪ್ರಾದೇಶಿಕತೆ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ಊರಿನ ವೇಷವನ್ನು ಹಾಕಿಕೊಳ್ಳದೆ ಊರಿನ ಬುದ್ಧಿಯನ್ನು ಆಧುನಿಕ ಕಟ್ಟಡಕ್ಕೆ ತರುವುದು ಅದರ ಸಾರ. ಈ ಹೋಮ್‌ಸ್ಟೇಯ ಹೊಸ ಕಟ್ಟಡ ಪರವೂರಿನ ವೇಷವನ್ನಷ್ಟೇ ತಂದಿದೆ.

ಆದರೆ ಇದೇ ಜಾಗದಲ್ಲಿ, ಯಾವ ಗ್ರೀಕ್ ಹೆಸರನ್ನೂ ಹೇಳದೆ, ಆ ಬುದ್ಧಿಯಿಂದಲೇ ಆದ ಕೆಲಸಗಳೂ ಇವೆ. ಗೇಟಿನಿಂದ ಮನೆಗೆ ಏರುವ ಕಾಲುದಾರಿ ಅಂಥದ್ದು. ಬಿದ್ದುಹೋದ ಹಳೆಯ ಮನೆಯ ಮೆಟ್ಟಿಲುಗಲ್ಲು, ಒಡೆದ ಒರಳು, ಜಂಬಿಟ್ಟಿಗೆ ಕಲ್ಲಿನ ತುಂಡುಗಳನ್ನು ಊರಿನ ಇಬ್ಬರು ಮೇಸ್ತ್ರಿಗಳು ನಕ್ಷೆಯಿಲ್ಲದೆ, ನಡೆದು ನಡೆದು ನೋಡಿ ಕೂರಿಸಿದ್ದಾರಂತೆ. ಹಲಸಿನ ಮರದ ಬೇರು ಬಂದಲ್ಲಿ ದಾರಿ ಸುತ್ತಿ ಹೋಗುತ್ತದೆ, ಏರು ಹೆಚ್ಚಾದಲ್ಲಿ ಕೂರಲು ಒಂದು ಅಗಲ ಕಲ್ಲಿದೆ, ಸಂದುಗಳಿಗೆ ಸಿಮೆಂಟು ತುಂಬದ್ದರಿಂದ ಅಷ್ಟು ಮಳೆಯಲ್ಲೂ ನೀರು ನಿಂತಿರಲಿಲ್ಲ. ಗ್ರೀಕ್ ವಾಸ್ತುಶಿಲ್ಪಿ ಡಿಮಿಟ್ರಿಸ್ ಪಿಕಿಯೋನಿಸ್ 1954ರಿಂದ 1957ರವರೆಗೆ ಅಥೆನ್ಸ್‌ನ ಅಕ್ರೋಪೊಲಿಸ್ ಮತ್ತು ಫಿಲೊಪಾಪೂ ಗುಡ್ಡದ ದಾರಿಗಳನ್ನು ಮಾಡಿಸಿದ್ದು ಹೀಗೆಯೇ: ನಗರದಲ್ಲಿ ಕೆಡವಿದ ಹಳೆಯ ಕಟ್ಟಡಗಳ ಕಲ್ಲು ತರಿಸಿ, ಕಲ್ಲುಕುಟಿಗರ ಜೊತೆ ಜಾಗದಲ್ಲೇ ನಿಂತು, ಎಷ್ಟೋ ತೀರ್ಮಾನಗಳನ್ನು ಅವರ ಕೈಗೆ ಬಿಟ್ಟು. ಹತ್ತಿರದ ಕುಪ್ಪಳಿಯ ಕವಿಶೈಲದಲ್ಲಿ ಕಲಾವಿದ ಕೆ.ಟಿ. ಶಿವಪ್ರಸಾದ್ ನಿಲ್ಲಿಸಿದ ಕಲ್ಲುಗಳನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಹಳೆಯ ಕೊಟ್ಟಿಗೆಯನ್ನು ತಿದ್ದಿ ಮಾಡಿದ ಕೋಣೆಗಳು. ಹೆಂಚಿನ ಮಾಡು ತಲೆ ಬಗ್ಗಿಸಿ ಒಳಹೋಗಬೇಕಾದಷ್ಟು ಕೆಳಗೆ ಇಳಿದಿದೆ; ಆದ್ದರಿಂದಲೇ ಹೊರಗೆ ಎಂಥ ಗಾಳಿ ಮಳೆಯಿದ್ದರೂ ಜಗಲಿಯಲ್ಲಿ ಕೂತು ಕಾಫಿ ಕುಡಿಯಬಹುದು. ಸೂರಿನ ನೀರು ಬೀಳುವ ಗೆರೆಗೆ ಸರಿಯಾಗಿ ಕಲ್ಲಿನ ಕಾಲುವೆ ಇದೆ, ಹನಿ ಬಿದ್ದಲ್ಲಿ ಕಲ್ಲೇ ಸಣ್ಣಗೆ ಗುಳಿಬಿದ್ದಿದೆ. ಬಾಗಿಲುಗಳು ಮಾರಾಟಕ್ಕೆ ಬಂದಿದ್ದ ಯಾವುದೋ ತೊಟ್ಟಿ ಮನೆಯವು. ಅಳತೆ ಹೊಂದದ ಕಡೆ ಗೋಡೆಯನ್ನೇ ಬಾಗಿಲಿಗೆ ಸರಿಯಾಗಿ ಕಟ್ಟಿದ್ದಾರೆ. ಅಥೆನ್ಸ್‌ನ ಪಾಯಿಂಟ್ ಸುಪ್ರೀಮ್ ಎಂಬ ವಾಸ್ತುಶಿಲ್ಪ ಸಂಸ್ಥೆಯ ಕಾನ್‌ಸ್ಟಾಂಟಿನೋಸ್ ಪಂತಾಜಿಸ್ ಮತ್ತು ಮರಿಯಾನಾ ರೆಂಟ್ಜು ಪೆಟ್ರಲೋನಾ ಬಡಾವಣೆಯ ತಮ್ಮ ಸ್ವಂತ ಮನೆಯನ್ನು ಸಿಕ್ಕಿದ, ಉಳಿದ ಸಾಮಗ್ರಿಗಳಿಂದ ಜೋಡಿಸಿದ್ದರಲ್ಲಿ ಇರುವ ಸಲಿಗೆ ಇಲ್ಲಿಯೂ ಇದೆ.

ಒಂದು ಆತಂಕವನ್ನು ಹೇಳಲೇಬೇಕು. ಹೊಸ ಕಟ್ಟಡಕ್ಕೆ ಸಮತಟ್ಟು ಜಾಗ ಮಾಡಲು ಹಿಂಬದಿಯ ಧರೆಯನ್ನು ನೇರವಾಗಿ ಕಡಿದು, ಮುಂದೆ ಕಾಂಕ್ರೀಟಿನ ಗೋಡೆ ಎಬ್ಬಿಸಿದ್ದಾರೆ. ನೀರು ಬಸಿಯಲು ಅದರಲ್ಲಿ ಬಿಟ್ಟ ತೂತುಗಳು ತೀರ ಕಡಿಮೆ, ಕೆಲವು ಮಣ್ಣು ತುಂಬಿ ಮುಚ್ಚಿವೆ. ದ್ವೀಪಗಳ ಒಣಕಲ್ಲಿನ ಕಟ್ಟೆಗಳು ಗಾರೆಯಿಲ್ಲದ್ದರಿಂದಲೇ ನೀರನ್ನು ಸಂದಿನಿಂದ ಹೊರಬಿಟ್ಟು ಬಾಳುತ್ತವೆ. ಆ ಕಟ್ಟುವ ಕಲೆಯನ್ನು 2018ರಲ್ಲಿ ಯುನೆಸ್ಕೊ ಪಾರಂಪರಿಕ ಪಟ್ಟಿಗೆ ಸೇರಿಸಿತು, ಹೆಸರು ಕೊಟ್ಟ ದೇಶಗಳಲ್ಲಿ ಗ್ರೀಸ್ ಕೂಡ ಒಂದು. ಸೆರಿಫೋಸ್‌ನ ಬಂಡೆಯನ್ನು ಕೊರೆದಂತೆ ನೀರು ಕುಡಿದ ಮಲೆನಾಡಿನ ಮಣ್ಣನ್ನು ಕಡಿಯಲಾಗದು, ಧರೆ ಕುಸಿದ ಸುದ್ದಿ ಮಳೆಗಾಲದಲ್ಲಿ ನಮಗೆ ಹೊಸದೂ ಅಲ್ಲ. ಗೌಡರಿಗೆ ಇದನ್ನು ಹೇಳಿದೆ. ತೂತು ಬಿಡಿಸಿ ಮೇಲ್ಗಡೆ ಚರಂಡಿ ತೆಗೆಸುವುದಾಗಿ ಅವರು ಒಪ್ಪಿದರು.

ಊಟದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ: ಬೆಳಿಗ್ಗೆ ಕಡುಬು ಅಥವಾ ಅಕ್ಕಿ ರೊಟ್ಟಿ, ಮಧ್ಯಾಹ್ನ ಕಳಲೆ ಪಲ್ಯ, ಕೇಳಿದವರಿಗೆ ಕೋಳಿ ಸಾರು, ಜೊತೆಗೆ ಗೌಡರ ಮನೆಯ ಅಮ್ಮ ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ. ಊಟ, ವಸತಿ ಸೇರಿ ತಲೆಗೆ ದಿನಕ್ಕೆ 2,800 ರೂಪಾಯಿ. ಬಿಳಿ ಕಟ್ಟಡದ ಕೋಣೆಗೆ 700 ಹೆಚ್ಚು. ಮಳೆಗಾಲದಲ್ಲಿ ಹೋಗುವವರು ಆ ಹೆಚ್ಚಿನ ಹಣ ಕೊಡದೆ ಕೊಟ್ಟಿಗೆಯ ಕೋಣೆಗಳನ್ನೇ ಮುಂಚಿತವಾಗಿ ಕೇಳಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಅವು ಎರಡೇ ಇರುವುದರಿಂದ ಶನಿವಾರ–ಭಾನುವಾರ ಸಿಗುವುದು ಕಷ್ಟ. ಮೊಬೈಲ್ ಸಿಗ್ನಲ್ ಗೇಟಿನ ಹತ್ತಿರ ಮಾತ್ರ ಬರುತ್ತದೆ, ಮತ್ತು ಕೊನೆಯ ಮಣ್ಣುದಾರಿಯಲ್ಲಿ ಸಣ್ಣ ಕಾರುಗಳು ಹೂತುಕೊಳ್ಳುವುದರಿಂದ ಮುಖ್ಯರಸ್ತೆಗೆ ಜೀಪು ಕಳಿಸಲು ಮೊದಲೇ ಹೇಳಿಡಬೇಕು.