‘ಅಸಿಂಕ್’ ಲೈಬ್ರರಿ: ಕಾಲ್‌ಬ್ಯಾಕ್ ಸಿಕ್ಕು ಬಿಡಿಸಲು ಇನ್ನೂ ಬೇಕೇ?

ವಿಜಯಪುರದ ಒಣದ್ರಾಕ್ಷಿ ದಲಾಲಿ ಅಂಗಡಿಗೊಂದು ಬಿಲ್ಲಿಂಗ್ ಪ್ರೋಗ್ರಾಂ ಎಂದುಕೊಳ್ಳಿ: ರೈತರ ಖಾತೆ ಓದು, ಆ ದಿನದ ದರ ತಾ, ಪಟ್ಟಿ ಬರೆ, ಎಸ್ಸೆಮ್ಮೆಸ್ ಕಳಿಸು. ನಾಲ್ಕು ಕಾಲ್‌ಬ್ಯಾಕ್ (ಕೆಲಸ ಮುಗಿದ ಮೇಲೆ ಕರೆಯಲೆಂದು ಕೊಡುವ ಫಂಕ್ಷನ್) ಒಂದರೊಳಗೊಂದು ಕೂತರೆ ಕೋಡ್ ಬಲಕ್ಕೆ ಜಾರುತ್ತಲೇ ಹೋಗುತ್ತದೆ. ಎರರ್ ತಪಾಸಣೆಯನ್ನೂ ನಾಲ್ಕು ಕಡೆ ಬರೆಯಬೇಕು.

ನೋಡ್‌ಜೆಎಸ್‌ನಲ್ಲಿ (ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಬಳಸುವ ‘ಅಸಿಂಕ್’ ಲೈಬ್ರರಿಯ ವಾಟರ್‌ಫಾಲ್ ಎಂಬ ಫಂಕ್ಷನ್‌ಗೆ ಫಂಕ್ಷನ್‌ಗಳ ಅರೇ ಕೊಟ್ಟರೆ ಸಾಕು. ಒಂದರ ಫಲಿತಾಂಶ ಮುಂದಿನದಕ್ಕೆ ಹೋಗುತ್ತದೆ. ಎಲ್ಲೇ ತಪ್ಪಾದರೂ ಎರರ್ ನೇರವಾಗಿ ಕೊನೆಯ ಕಾಲ್‌ಬ್ಯಾಕ್‌ಗೆ ಬರುತ್ತದೆ. ಹೆಚ್ಚಿನವರು ಎಡವುವುದು ‘ರಿಟರ್ನ್’ ಮರೆತು: ಎರರ್ ಕೊಟ್ಟು ಕಾಲ್‌ಬ್ಯಾಕ್ ಕರೆದ ಮೇಲೂ ಕೆಳಗಿನ ಸಾಲು ಓಡಿ ಅದನ್ನೇ ಎರಡನೇ ಸಲ ಕರೆಯುತ್ತದೆ, ಲೈಬ್ರರಿ ಅಲ್ಲೇ ತಕರಾರು ಎತ್ತುತ್ತದೆ.

ಕೆಲಸಗಳನ್ನು ಬರೀ ಒಂದಾದ ಮೇಲೊಂದು ಓಡಿಸಲು ಈ ಲೈಬ್ರರಿ ಈಗ ಬೇಡವೇ ಬೇಡ. ಒಂದು ಕೆಲಸ ಮುಗಿಯುವವರೆಗೆ ಕಾದು ಮುಂದಿನ ಸಾಲಿಗೆ ಹೋಗುವ ಅಸಿಂಕ್-ಅವೇಟ್ 2017ರಿಂದ ಜಾವಾಸ್ಕ್ರಿಪ್ಟ್ ಭಾಷೆಯಲ್ಲೇ ಇದೆ. ಹಳೆಯ ಕಾಲ್‌ಬ್ಯಾಕ್ ಫಂಕ್ಷನ್‌ಗಳನ್ನು ನೋಡ್ 8ರಲ್ಲಿ ಬಂದ ಪ್ರಾಮಿಸಿಫೈನಿಂದ (ಅವು ಪ್ರಾಮಿಸ್, ಅಂದರೆ ಮುಂದೆ ಬರುವ ಫಲಿತಾಂಶದ ಚೀಟಿ, ಕೊಡುವಂತೆ ಮಾಡುವ ಫಂಕ್ಷನ್) ಸುತ್ತಿಕೊಂಡರೆ ಒಂದೇ ಟ್ರೈ-ಕ್ಯಾಚ್ ಸಾಕು, ಓದಲೂ ಹಗುರ.

ಒಮ್ಮೆಗೆ ಇಷ್ಟೇ ಕೆಲಸ ಓಡಲಿ ಎಂದು ಮಿತಿ ಹಾಕುವ ಮ್ಯಾಪ್‌ಲಿಮಿಟ್‌ಗಾಗಿ ಮಾತ್ರ ಲೈಬ್ರರಿಯನ್ನು ಖಂಡಿತ ಇಟ್ಟುಕೊಳ್ಳಿ. 500 ರೈತರಿಗೆ ಎಸ್ಸೆಮ್ಮೆಸ್ ಇದ್ದರೆ ಮಿತಿ 5 ಎಂದು ಕೊಡಿ. ಅದರ ಬದಲು ಮ್ಯಾಪ್ ಮಾಡಿ ಪ್ರಾಮಿಸ್ ಆಲ್‌ಗೆ (ಎಲ್ಲ ಪ್ರಾಮಿಸ್ ಮುಗಿಯಲು ಕಾಯುವ ಫಂಕ್ಷನ್) ಕೊಟ್ಟರೆ ಐನೂರೂ ಒಮ್ಮೆಗೇ ಹೊರಟು ಎಸ್ಸೆಮ್ಮೆಸ್ ರವಾನಿಸುವ ಗೇಟ್‌ವೇ ಬಾಗಿಲು ಹಾಕಬಹುದು.