ಬುಲೆಟ್ಟಿಗೆ ಕಾರಿನ ಟಯರು: ಎರಡು ಮಳೆಗಾಲ, 17,000 ಕಿಲೋಮೀಟರ್

ನನ್ನದು 2014ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಊರಲ್ಲಿ ಎಲ್ಲರ ಬಾಯಲ್ಲೂ ಅದು ಬುಲೆಟ್ಟೇ. 2022ರ ನವೆಂಬರಿನಲ್ಲಿ ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡೆ. ಮೊದಲಿದ್ದವರು ಹಿಂದಿನ ಚಕ್ರ ಬದಲಾಯಿಸಿ, 15 ಇಂಚಿನ ಅಗಲ ರಿಮ್ಮಿಗೆ 185/65 ಆರ್15 ಅಳತೆಯ ಕಾರಿನ ಟಯರು ಹಾಕಿಸಿದ್ದರು. ಹಿಂದಿನಿಂದ ನೋಡಿದರೆ ಬಹಳ ಚಂದ ಇತ್ತು. ಆ ಚಂದಕ್ಕೆ ಮನಸೋತೇ ನಾನು ಅಡ್ವಾನ್ಸ್ ಕೊಟ್ಟದ್ದು. 2025ರ ಜನವರಿಯಲ್ಲಿ ಅದನ್ನು ತೆಗೆಸಿದೆ. ಅಷ್ಟರಲ್ಲಿ 17,000 ಕಿಲೋಮೀಟರ್ ದಾಟಿತ್ತು.

ಮನೆ ಬದಿಯಡ್ಕದ ಹತ್ತಿರ, ಕೆಲಸ ಕಾಸರಗೋಡು ಪೇಟೆಯಲ್ಲಿ. ತಿಂಗಳಿಗೆರಡು ಸಲ ಕುಂಬಳೆ ದಾರಿಯಾಗಿ ಮಂಗಳೂರು. ಅಕ್ಕನ ಮನೆ ಜಾಲ್ಸೂರಿನ ಆಚೆ, ಹಾಗಾಗಿ ಮುಳ್ಳೇರಿಯ, ಆದೂರು ದಾರಿಯೂ ರೂಢಿ. ಅಂದರೆ ನೇರ ಹೈವೇ ಸ್ವಲ್ಪ, ತಿರುವು ಜಾಸ್ತಿ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಹೈವೇಯಲ್ಲಿ ಈ ಟಯರು ನಿಜವಾಗಿಯೂ ಚೆನ್ನ. ಕುಂಬಳೆಯಿಂದ ತಲಪಾಡಿವರೆಗೆ 70ರಲ್ಲಿ ಹೋದರೆ ಬೈಕು ಹಳಿಯ ಮೇಲೆ ಕೂತ ಹಾಗಿರುತ್ತಿತ್ತು. ನೇರ ಹೋಗುವಾಗ ಹಿಂದಿನ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತಿರಲಿಲ್ಲ. ಸವೆತವಂತೂ ಇಲ್ಲವೇ ಇಲ್ಲ ಅನ್ನಬಹುದು. ಕೊಂಡಾಗ ಟಯರು ಹೊಸದೇ ಆಗಿತ್ತು. ತೆಗೆಸಿದಾಗ ಅಳೆದರೆ ಟಯರಿನ ಗೀರುಗಳಲ್ಲಿ ಇನ್ನೂ 5 ಮಿಲಿಮೀಟರ್ ಆಳ ಉಳಿದಿತ್ತು.

ಅದಕ್ಕೆ ಕಾರಣವೂ ಟಯರಿನ ಬದಿಯಲ್ಲೇ ಅಚ್ಚಾಗಿತ್ತು. 88 ಅಂತ ಒಂದು ನಂಬರು. ಅದು 560 ಕಿಲೋ ಹೊರಬಲ್ಲ ಟಯರು ಎಂದು ಅರ್ಥ. ಬೈಕಿನ ಅಸಲಿ 110/90-18 ಟಯರಿನ ಮೇಲೆ ಇರುವುದು 61, ಅಂದರೆ 257 ಕಿಲೋ. ಬೈಕೇ 190 ಕಿಲೋ ಆಸುಪಾಸು. ಅದರಲ್ಲಿ ಹಿಂದಿನ ಚಕ್ರಕ್ಕೆ ಬೀಳುವ ಪಾಲು ಮತ್ತು ನನ್ನ ತೂಕ, ಎರಡೂ ಸೇರಿದರೂ ಕಾರಿನ ಟಯರಿಗೆ ಅದೊಂದು ಭಾರವೇ ಅಲ್ಲ. ಹಾಗಾಗಿ ಅದು ಸವೆಯುವುದಿಲ್ಲ. ಆದರೆ ಅದೇ ಕಾರಣಕ್ಕೆ ಅದು ಬಗ್ಗುವುದೂ ಇಲ್ಲ, ಬಿಸಿಯಾಗುವುದೂ ಇಲ್ಲ. ಬಿಸಿಯಾಗದ ರಬ್ಬರಿಗೆ ಹಿಡಿತ ಕಡಿಮೆ.

ಇನ್ನು ತಿರುವಿನ ವಿಷಯ. ಬೈಕಿನ ಟಯರನ್ನು ಅಡ್ಡ ಕತ್ತರಿಸಿ ನೋಡಿದರೆ ಅರ್ಧ ಚಂದ್ರನ ಆಕಾರ. ಕಾರಿನದು ಚಪ್ಪಟೆ, ಅಂಚಿನಲ್ಲಿ ಮೂಲೆ. ಕಾರು ವಾಲುವುದಿಲ್ಲ, ಅದಕ್ಕೆ ಹಾಗೆ ಸಾಕು. ಬೈಕು ವಾಲಿಯೇ ತಿರುಗಬೇಕು. ಚಪ್ಪಟೆ ಟಯರಿನ ಬೈಕನ್ನು ವಾಲಿಸಿದರೆ ಭಾರವೆಲ್ಲ ಒಳಗಿನ ಅಂಚಿಗೆ ಬರುತ್ತದೆ. ಆ ಅಂಚು ಬೈಕನ್ನು ಮತ್ತೆ ನೆಟ್ಟಗೆ ನಿಲ್ಲಿಸಲು ನೋಡುತ್ತದೆ. ಹಾಗಾಗಿ ತಿರುವು ಮುಗಿಯುವ ತನಕ ಹ್ಯಾಂಡಲ್ ಒತ್ತಿಯೇ ಹಿಡಿಯಬೇಕು. ಕೈ ಸ್ವಲ್ಪ ಸಡಿಲಾದರೂ ಬೈಕು ಹೊರಗೆ ಓಡುತ್ತದೆ. ಚೆರ್ಕಳದಿಂದ ಜಾಲ್ಸೂರಿಗೆ ಹೋಗಿ ಇಳಿದರೆ ನನ್ನ ಎರಡೂ ಭುಜ ನೋಯುತ್ತಿದ್ದವು. ಈಗ ಅದೇ ದಾರಿ, ಅದೇ ಬೈಕು, ನೋವಿಲ್ಲ.

2023ರ ಆಗಸ್ಟಿನಲ್ಲಿ ಒಂದು ಸಂಜೆ ಆದೂರು ದಾಟಿ ಹೋಗುತ್ತಿದ್ದೆ. ಜಡಿಮಳೆ. ಎಡಕ್ಕೆ ಒಂದು ತಿರುವು. ವಾಲಿಸಿದೆ, ಬೈಕು ಅರ್ಧ ವಾಲಿ ನಿಂತಿತು. ಮತ್ತೆ ಒತ್ತಿದೆ, ಹಿಂದಿನ ಚಕ್ರ ಮೂಲೆ ಹತ್ತಿ ಒಮ್ಮೆಲೇ ಜಾರಿದ ಹಾಗಾಯಿತು. ಹೆದರಿ ಕೈ ಬಿಟ್ಟೆ. ಬೈಕು ನೆಟ್ಟಗಾಗಿ ಬಲಕ್ಕೆ, ಎದುರಿನಿಂದ ಬರುತ್ತಿದ್ದ ಬಸ್ಸಿನ ಕಡೆಗೆ ಹೋಯಿತು. ಬಸ್ಸಿನ ಡ್ರೈವರ್ ಮಣ್ಣಿಗೆ ಇಳಿಸಿಕೊಂಡರು. ಅವರಿಂದಾಗಿ ಇದನ್ನು ಬರೆಯುತ್ತಿದ್ದೇನೆ. ಬೈಕು ನಿಲ್ಲಿಸಿ ಕೆಳಗಿಳಿದಾಗ ಮೊಣಕಾಲು ನಡುಗುತ್ತಿತ್ತು.

ಆಮೇಲೆ ಗಾಳಿಯ ಪ್ರಯೋಗ ಶುರುಮಾಡಿದೆ. 30 ಪಿಎಸ್‌ಐ ಇದ್ದರೆ ಟಯರು ನಡುವಿನಲ್ಲಿ ಮಾತ್ರ ನೆಲ ಮುಟ್ಟುತ್ತಿತ್ತು. 26ಕ್ಕೆ ಇಳಿಸಿದೆ, ಸ್ವಲ್ಪ ಮೆತ್ತಗಾಯಿತು. 22ಕ್ಕೆ ಇಳಿಸಿದಾಗ ವಾಲಿಸುವುದು ಸಲೀಸಾಯಿತು, ಆದರೆ ಹಿಂದೆ ಅಪ್ಪ ಕೂತರೆ ಬೈಕು ದೋಣಿಯ ಹಾಗೆ ತೂಗುತ್ತಿತ್ತು. ಗಾಳಿ ಕಡಿಮೆಯಾದರೆ ಇನ್ನೊಂದು ಅಪಾಯವಿದೆ. ನಿಂತ ನೀರಿನ ಮೇಲೆ ಅಗಲದ ಟಯರು ಬೇಗ ತೇಲುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ರಸ್ತೆಯಲ್ಲಿ ನೀರು ನಿಲ್ಲದ ಜಾಗ ಎಲ್ಲಿದೆ? ಕೊನೆಗೆ 26ರಲ್ಲೇ ಇಟ್ಟೆ. ಸರಿಯಾದ ಅಳತೆ ಅಂತ ಒಂದು ಸಿಗಲೇ ಇಲ್ಲ.

ಡಾಂಬರಿನ ಅಂಚೂ ಹಾಗೆಯೇ. ಲಾರಿಗೆ ದಾರಿ ಬಿಡಲು ಕೆಳಗಿಳಿದರೆ ಮತ್ತೆ ಹತ್ತುವಾಗ ಟಯರಿನ ಮೂಲೆ ಅಂಚಿಗೆ ಸಿಕ್ಕಿ ಬೈಕನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಮುಳ್ಳೇರಿಯದ ಹತ್ತಿರ ಒಮ್ಮೆ ಹೀಗೆ ಬಿದ್ದೆ. ಮೊಣಕೈ ಸುಲಿಯಿತು, ಅಷ್ಟೇ. ತೋಟದ ದಾರಿಯಲ್ಲಿ ಮುರಕಲ್ಲಿನ ಏರು ಇದೆ, ಮಳೆಗಾಲದಲ್ಲಿ ಪೂರ್ತಿ ಪಾಚಿ. ಅಗಲದ ಟಯರು ಅಲ್ಲಿಯಾದರೂ ಹಿಡಿಯುತ್ತದೆ ಅಂದುಕೊಂಡಿದ್ದೆ. ಹಿಡಿಯಲಿಲ್ಲ.

ಅಗಲದ ಚಕ್ರ ಕೂರಿಸಲು ಸ್ವಿಂಗ್‌ ಆರ್ಮ್, ಅಂದರೆ ಹಿಂದಿನ ಚಕ್ರವನ್ನು ಹಿಡಿದಿಡುವ ಕವಲು, ಕತ್ತರಿಸಿ ವೆಲ್ಡ್ ಮಾಡಿದ್ದರು. ಚೈನು ಟಯರಿಗೆ ತಾಗಬಾರದೆಂದು ಚಕ್ರವನ್ನು ಸ್ವಲ್ಪ ಬಲಕ್ಕೆ ಸರಿಸಿದ್ದರು. ಮುಂದಿನ ಚಕ್ರ, ಹಿಂದಿನ ಚಕ್ರ ಒಂದೇ ಗೆರೆಯಲ್ಲಿ ಇರಲಿಲ್ಲ. ಇದನ್ನು ನನಗೆ ತೋರಿಸಿಕೊಟ್ಟವರು ಬದಿಯಡ್ಕದ ಟಯರ್ ಅಂಗಡಿಯ ಅಣ್ಣ. ನೂಲು ಹಿಡಿದು ನೋಡಿದರು. ನೂಲು ಒಂದು ಬೆರಳಿನಷ್ಟು ಆಚೆ ಹೋಗಿತ್ತು. ನನ್ನ ಕಣ್ಣಿಗೆ ಇದು ಒಂದು ವರ್ಷ ಬೀಳಲೇ ಇಲ್ಲವಲ್ಲ ಅಂತ ಈಗಲೂ ಬೇಸರವಿದೆ. ಚೈನ್ ಸೆಟ್ 9,000 ಕಿಲೋಮೀಟರಿಗೆ ಮುಗಿದದ್ದು ಇದಕ್ಕೇ.

ಲೆಕ್ಕ ಹಾಕಿದರೆ ಈ ಟಯರಿನ ಎತ್ತರ 62 ಸೆಂಟಿಮೀಟರ್, ಅಸಲಿಯದು 65ಕ್ಕಿಂತ ಜಾಸ್ತಿ. ಅಂದರೆ ಅದೇ ವೇಗಕ್ಕೆ ಎಂಜಿನ್ ಶೇಕಡಾ 5ರಷ್ಟು ಹೆಚ್ಚು ತಿರುಗಬೇಕು. ಟಯರು ಭಾರ ಬೇರೆ. ಮೈಲೇಜ್ 30 ಇದ್ದದ್ದು ಈಗ 34 ಬರುತ್ತಿದೆ.

ಅಮೆರಿಕದಲ್ಲಿ ಹೋಂಡಾ ಗೋಲ್ಡ್ ವಿಂಗ್‌ನಂಥ ದೊಡ್ಡ ಬೈಕಿನವರು ಕಾರಿನ ಟಯರು ಹಾಕಿ ಸಾವಿರಾರು ಮೈಲಿ ತಿರುಗುತ್ತಾರೆ. 'ಡಾರ್ಕ್ ಸೈಡ್‌'ಗೆ ಹೋಗುವುದು ಅನ್ನುತ್ತಾರೆ ಅದಕ್ಕೆ. ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಆ ಬೈಕು 400 ಕಿಲೋ ಆಸುಪಾಸು, ರಸ್ತೆ ಮೈಲಿಗಟ್ಟಲೆ ನೇರ. ಪಕ್ಕಕ್ಕೆ ಇನ್ನೊಂದು ಚಕ್ರದ ಸೀಟು ಜೋಡಿಸಿದ, ಸೈಡ್‌ಕಾರ್ ಇರುವ ಬೈಕು ವಾಲುವುದೇ ಇಲ್ಲ, ಅದಕ್ಕೂ ಚಪ್ಪಟೆ ಟಯರು ಸರಿಹೋಗುತ್ತದೆ. ಪೆರ್ಲದಿಂದ ಅಡ್ಕಸ್ಥಳಕ್ಕೆ ತಿರುವಿನ ದಾರಿಯಲ್ಲಿ ಹೋಗುವ ನನ್ನ ಬುಲೆಟ್ಟಿಗೆ ಅದು ಹೇಗೆ ಆಗುತ್ತದೆ?

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪೆನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಖಡಕ್ಕಾಗಿ ಹೇಳಿತು, ಅದೂ ಕೇರಳದಿಂದ ಹೋದ ಕೇಸಿನಲ್ಲೇ. ನನಗೆ ಫೈನ್ ಬೀಳಲಿಲ್ಲ. ಆದರೆ ಇನ್ಶೂರೆನ್ಸ್ ಮಾಡಿಸುವವರು ಬೈಕನ್ನು ನೋಡಿ, "ಇದು ಆಕ್ಸಿಡೆಂಟ್ ಆದರೆ ಕ್ಲೇಮ್ ಕಷ್ಟ ಮಾರಾಯ್ರೇ" ಅಂದರು. ಆ ರಾತ್ರಿ ನನಗೆ ಆದೂರಿನ ಬಸ್ಸು ನೆನಪಾಯಿತು.

ಅಸಲಿ ಸ್ವಿಂಗ್‌ ಆರ್ಮ್, 18 ಇಂಚಿನ ಚಕ್ರ ಹಳೆಯದು ಹುಡುಕಿ ತಂದೆ. ಹೊಸ ಟಯರು, ಟ್ಯೂಬು, ಚೈನ್ ಸೆಟ್, ಕೂಲಿ ಎಲ್ಲ ಸೇರಿ 16,000 ರೂಪಾಯಿ ಆಯಿತು. ಟಯರಿನಲ್ಲಿ ಉಳಿಯುತ್ತದೆ ಅಂದುಕೊಂಡ ದುಡ್ಡಿಗಿಂತ ಎಷ್ಟೋ ಜಾಸ್ತಿ. ಇಂಥ ಬೈಕು ಕೊಳ್ಳಲು ಹೊರಟವರು ಹೈವೇಯಲ್ಲಿ ಓಡಿಸಿ ನೋಡಿ ಒಪ್ಪಬೇಡಿ. ಒಂದು ತಿರುಗಾಸಿನ ದಾರಿಯಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ನಿಧಾನವಾಗಿ ಓಡಿಸಿ ನೋಡಿ. ಚಕ್ರಗಳಿಗೆ ನೂಲು ಹಿಡಿಯಿರಿ. ಆರ್‌ಸಿ ನೋಡಿ.

ಕಾರಿನ ಟಯರಿಗೆ ನೇರ ರಸ್ತೆಯಲ್ಲಿ 5ಕ್ಕೆ 4 ಕೊಡುತ್ತೇನೆ, ನಮ್ಮ ಊರಿನ ರಸ್ತೆಯಲ್ಲಿ 1. ಹೊಸ ಬೈಕ್ ಟಯರು ಹಾಕಿಸಿ 4,000 ಕಿಲೋಮೀಟರ್ ಆಯಿತು. ನಡುವಿನಲ್ಲಿ ಆಗಲೇ ಸವೆಯಲು ಶುರುವಾಗಿದೆ. ಸವೆಯಲಿ. ಹೋದ ವಾರ ಅಪ್ಪನನ್ನು ಕೂರಿಸಿಕೊಂಡು ಅಕ್ಕನ ಮನೆಗೆ ಹೋಗಿದ್ದೆ. ಆದೂರಿನ ಆ ತಿರುವಿನಲ್ಲಿ ಬೈಕು ತಾನಾಗಿ ವಾಲಿ, ತಾನಾಗಿ ಎದ್ದು ನಿಂತಿತು. ಅಪ್ಪ ಹಿಂದಿನಿಂದ ಅಡಿಕೆ ರೇಟಿನ ಮಾತು ನಿಲ್ಲಿಸಲೂ ಇಲ್ಲ.